ಟೆಂಟರ್ ವಠಾರದ ಹದಿನಾಲ್ಕು ಹೊಸ್ತಿಲು

ಒಂದೇ ಒಂದು ಶುಕ್ರವಾರ ಹೊಸ್ತಿಲು ತಿಕ್ಕಬೇಡಿ ಎಂದು ಕೆಜಾಯಾ ಕೇಳಿಕೊಂಡಾಗ ಟೆಂಟರ್ ವಠಾರದ ಹೆಂಗಸರು ಅವಳನ್ನು ನೋಡಿದ ನೋಟವಿತ್ತಲ್ಲ, ಗಂಡನಿಗೆ ವಿಷ ಹಾಕಿ ಅಂದಿದ್ದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಗಂಡನ ವಿಷಯವಾಗಿದ್ದರೆ ಒಬ್ಬಿಬ್ಬರಾದರೂ ಯೋಚನೆ ಮಾಡುತ್ತಿದ್ದರೇನೋ. ಹೊಸ್ತಿಲಿನ ಮಾತು ಬೇರೆ. ಮಾಸ್‌ಬ್ರುಕ್‌ನಲ್ಲಿ ಹೆಂಗಸಿನ ಮಾನ ಇರುವುದೇ ಅಲ್ಲಿ. ಒಳಗೆ ಹಾಸಿಗೆಯಿಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ನಡೆಯುತ್ತದೆ. ಶುಕ್ರವಾರ ಸಂಜೆಯೊಳಗೆ ಬಾಗಿಲ ಮುಂದಿನ ಕಲ್ಲನ್ನು ತೊಳೆದು, ಉಜ್ಜುಗಲ್ಲಿನಿಂದ ಬೆಳ್ಳಗೆ ತೀಡದವಳನ್ನು ಮಾತ್ರ ಭಾನುವಾರದ ಪ್ರಾರ್ಥನೆಗೆ ಚಾಪೆಲ್ಲಿನಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುವವರಿಲ್ಲ.

ಕೆಜಾಯಾ ಹುಟ್ಟಿದಾಗ ಮಾಸ್‌ಬ್ರುಕ್ ಊರೇ ಆಗಿರಲಿಲ್ಲ. ಒಂದು ಹಳ್ಳ, ಅದಕ್ಕೊಂದು ಸೇತುವೆ, ನಲವತ್ತು ಮನೆ, ಒಂದು ಹೆಂಡದಂಗಡಿ. ಆಮೇಲೆ ಹತ್ತಿ ಗಿರಣಿ ಬಂತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಈಗ ಅರವತ್ತೊಂದರ ಕೆಜಾಯಾ ಬಾಗಿಲಲ್ಲಿ ನಿಂತು ಎಣಿಸಿದರೆ ಮೂವತ್ತೊಂದು ಚಿಮಣಿ, ಅದೂ ಹೊಗೆ ಕಡಿಮೆಯಿದ್ದ ದಿನ. ಊರು ಬೆಳೆಯಿತು ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ಬೆಳೆಯಿತೋ, ಬಾವು ಬಂದು ಊದಿಕೊಂಡಿತೋ, ಯಾರು ಹೇಳಬೇಕು? ಬೆನ್ನಿಗೆ ಬೆನ್ನು ಹಚ್ಚಿ ಮನೆಗಳನ್ನು ಕಟ್ಟಿದ್ದೇ ಕಟ್ಟಿದ್ದು. ಇಷ್ಟು ಜನ ಏನು ಕುಡಿಯುತ್ತಾರೆ, ಕುಡಿದದ್ದನ್ನು ಎಲ್ಲಿ ಬಿಡುತ್ತಾರೆ ಅನ್ನುವ ಯೋಚನೆ ಒಬ್ಬ ಮಹರಾಯನಿಗೂ ಬರಲಿಲ್ಲ. ಹಳ್ಳವಂತೂ ಬಣ್ಣದ ಕಾರ್ಖಾನೆಯವರ ಪಾಲಾಯಿತು. ಸೋಮವಾರ ಕೆಂಪಗೆ, ಬುಧವಾರ ನೀಲಿಯಾಗಿ ಹರಿಯುತ್ತದೆ. ಬರುವ ವರ್ಷ ಲಂಡನ್ನಿನ ದೊರೆಸಾನಿಯರು ಯಾವ ಬಣ್ಣ ಉಡುತ್ತಾರೆಂದು ಮೊದಲು ತಿಳಿಯುವುದು ನಮ್ಮೂರ ಬಾತುಕೋಳಿಗಳಿಗೆ.

ಟೆಂಟರ್ ವಠಾರದಲ್ಲಿ ಹದಿನಾಲ್ಕು ಮನೆ, ಒಂದು ಕಕ್ಕಸು, ಒಂದು ತಿಪ್ಪೆ, ಕೆಟ್ಟು ಎರಡು ವರ್ಷವಾದ ಒಂದು ಪಂಪು. ಚರಂಡಿಯಂತೂ ಹುಟ್ಟೇ ಇಲ್ಲ. ನೀರು ಬೇಕೆಂದರೆ ಚಾಪೆಲ್ ದಿಣ್ಣೆಯ ಬಾವಿಗೆ ಅರ್ಧ ಮೈಲಿ ಏರಬೇಕು. ವಠಾರದ ತಗ್ಗಿನ ತುದಿಯಲ್ಲಿ ಹೊಸ್ತಿಲು ದಾಟಿ ಐದು ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆ ಕೆಜಾಯಾಳ ಮನೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತವಳು ಈಗ ಗಿರಣಿ ಬಾಗಿಲಲ್ಲಿ ಬೇಯಿಸಿದ ಕರಿಬಟಾಣಿಗೆ ವಿನೆಗರ್ ಹಾಕಿ ಮಾರುತ್ತಿದ್ದಳು. ಜೊತೆಗೆ ಮಗ ಏಮಸ್, ಸೊಸೆ ರೋಡಾ. ರೋಡಾಳಿಗೆ ಈಗ ಎಂಟು ತಿಂಗಳು. ಇದಕ್ಕೆ ಮೊದಲು ಅದೇ ನೆಲಮಾಳಿಗೆಯಲ್ಲಿ ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಬೇಸಿಗೆಯ ಭೇದಿಗೆ ಹೋಗಿದ್ದವು. ‘ದೇವರನ್ನ ಬೈಬೇಡಮ್ಮ, ನೀರನ್ನ ಬೈ’ ಎಂದು ಡಾಕ್ಟರು ಎರಡನೆಯ ಸಲ ಹೇಳಿದ ಮಾತು ಕೆಜಾಯಾಳ ಎದೆಯಲ್ಲಿ ನಾಟಿಬಿಟ್ಟಿತು. ಮೂರನೆಯದನ್ನು ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಕಂದಾಯ ಕಟ್ಟುವವರಲ್ಲಿ ಹತ್ತಕ್ಕೊಬ್ಬರು ಸಹಿ ಹಾಕಿದರೆ ಲಂಡನ್ನಿನಿಂದ ಇನ್‌ಸ್ಪೆಕ್ಟರು ಬರುತ್ತಾನೆ, ಅವನು ಊರಿನ ಗಲೀಜನ್ನು ಕಣ್ಣಾರೆ ಕಂಡು ಬರೆದರೆ ಆರೋಗ್ಯ ಮಂಡಳಿ ಆಗುತ್ತದೆ, ಮಂಡಳಿಯಾದರೆ ನಲ್ಲಿ, ಚರಂಡಿ ಎಲ್ಲ ಬರುತ್ತದೆ ಎಂದೂ ಅದೇ ಡಾಕ್ಟರು ಹೇಳಿದ್ದರು. ಅಷ್ಟು ಸಾಕಾಯಿತು. ಕೆಜಾಯಾ ಕಟುಕನ ಅಂಗಡಿಯಿಂದ ಶವಪೆಟ್ಟಿಗೆ ಮಾಡುವವನ ಅಂಗಡಿವರೆಗೆ ಒಬ್ಬೊಬ್ಬರ ಪ್ರಾಣ ತಿಂದು ಸಹಿ ಹಾಕಿಸಿದಳು. ಶವಪೆಟ್ಟಿಗೆಯವನು ವ್ಯಾಪಾರ ಕಡಿಮೆಯಾಗುತ್ತದೆಂದು ಸ್ವಲ್ಪ ಕೊಸರಾಡಿದ, ಅಷ್ಟೆ.

ಇನ್‌ಸ್ಪೆಕ್ಟರು ಬರುವುದು ಶನಿವಾರ ಬೆಳಿಗ್ಗೆ ಎಂದು ಗೊತ್ತಾದದ್ದೇ ತಡ, ಹೆಂಗಸರನ್ನೆಲ್ಲ ಅವಳು ಸತ್ತ ಪಂಪಿನ ಸುತ್ತ ಸೇರಿಸಿದಳು.

“ಹೊಸ್ತಿಲು ತಿಕ್ಕದೆ? ಲಂಡನ್ನಿನವರು ಬರೋ ದಿನ?” ಎಂದಳು ಮೇಲಿನ ತುದಿಯ ಹಲ್ಡಾ. ಹೊಸ್ತಿಲಿನ ವಿಷಯದಲ್ಲಿ ಅವಳದು ವಠಾರಕ್ಕೇ ಮೊದಲ ಹೆಸರು. “ನಿಂಗೆ ತಲೆ ನೆಟ್ಟಗಿದೆಯಾ ಕೆಜಾಯಾ?”

“ಅವನು ಬರ್ತಿರೋದೇ ಕೊಳೆ ನೋಡೋಕ್ಕೆ ಕಣೇ. ಕೊಳೆ ಕಂಡ್ರೆ ಬರ್ಕೋತಾನೆ. ಕಾಣ್ದಿದ್ರೆ ಟೋಪಿ ಎತ್ತಿ ನಮಸ್ಕಾರ ಹಾಕಿ ರೈಲು ಹತ್ತುತಾನೆ. ಆಮೇಲೆ ನೀನು ಸಾಯೋವರ್ಗೂ ದಿಣ್ಣೆ ಹತ್ತು.”

“ಕೊಳೆ ಬೇಕಾದ್ರೆ ಮರ್ಸಿ ಮನೆ ತೋರ್ಸು. ಅಲ್ಲಿ ವರ್ಷಕ್ಕಾಗೋಷ್ಟಿದೆ.”

“ಏನಂದೆ? ಇನ್ನೊಂದ್ಸಲ ಹೇಳು!” ಮರ್ಸಿ ಕಂಕುಳಲ್ಲಿದ್ದ ಮಗುವನ್ನು ಪಕ್ಕದವಳಿಗೆ ದಾಟಿಸಿ ತೋಳು ಮೇಲೆ ಮಾಡಿದಳು. “ನಿನ್ನ ಹೊಸ್ತಿಲು ಬೆಳ್ಳಗಿರೋದು ಯಾಕೆ ಗೊತ್ತಾ? ಅದನ್ನ ದಾಟಿ ನಿನ್ನ ಮನೆಗೆ ಬರೋರೇ ಇಲ್ಲ, ಅದಕ್ಕೆ!”

ಎಪ್ಪತ್ತು ದಾಟಿದ ಟ್ಯಾಬಿತಾ ಮುದುಕಿ ಊರುಗೋಲನ್ನು ಇಬ್ಬರ ನಡುವೆ ತೂರಿಸಿದಳು. “ಸುಮ್ನಿರ್ರೇ. ಆ ಹುಡುಗಿ ರೋಡಾ ಮುಖ ನೋಡಿ. ಒಂದು ವಾರ ಮಾನ ಹೋದ್ರೆ ಹೋಗ್ಲಿ.”

ರೋಡಾಳ ಹೆಸರು ಬಂದಮೇಲೆ ಮರ್ಸಿ ತೋಳು ಇಳಿಸಿದಳು, ಉಳಿದವರೂ ಒಪ್ಪಿದರು. ಕೆಜಾಯಾ ಬಿಡುವವಳಲ್ಲ, ಚಾಪೆಲ್ಲಿನ ಬೈಬಲ್ಲನ್ನೇ ತರಿಸಿ ಒಬ್ಬೊಬ್ಬರ ಕೈಯನ್ನೂ ಅದರ ಮೇಲೆ ಇಡಿಸಿದಳು. ತಿಪ್ಪೆ ತೋರಿಸೋಣ, ಕಕ್ಕಸು ತೋರಿಸೋಣ, ಮಸಿ ಹಿಡಿದ ಹದಿನಾಲ್ಕು ಹೊಸ್ತಿಲು ತೋರಿಸೋಣ ಎಂದು ಅವಳೇ ಪಟ್ಟಿ ಹೇಳಿದಳು. ತನ್ನ ನೆಲಮಾಳಿಗೆಯನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಐದು ಮೆಟ್ಟಿಲನ್ನು ಒಬ್ಬ ನೆರೆಯವಳೂ ಇಳಿದಿರಲಿಲ್ಲ. ವಠಾರದ ಕೊಳೆ ಲೋಕಕ್ಕೆಲ್ಲ ಕಾಣಲಿ, ಅಡ್ಡಿಯಿಲ್ಲ. ತನ್ನ ಮನೆಯದು ಮಾತ್ರ ತನ್ನ ಗುಟ್ಟು.

ಗುರುವಾರ ವಠಾರದ ಮಾಲೀಕ ಎಂಟ್‌ವಿಸಲ್ ಆಳುಗಳನ್ನು ಕಳಿಸಿದ. ಮಂಡಳಿಯಾಗಿ ಹೊಸ ಕಂದಾಯ ಬಿದ್ದರೆ ಅದನ್ನು ತಾನೇ ಕಟ್ಟಬೇಕಾಗುತ್ತದೆಂದು ಅವನಿಗೆ ವಾರದಿಂದ ನಿದ್ದೆಯಿರಲಿಲ್ಲ. ಏಳು ತಿಂಗಳಿಂದ ಮುಟ್ಟದ ತಿಪ್ಪೆಯನ್ನು ಮೂರು ಗಾಡಿಯಲ್ಲಿ ಸಾಗಿಸಿದರು. ಗೋಡೆಗೆ ಸುಣ್ಣ ಬಳಿದರು. ಸತ್ತ ಪಂಪಿಗೆ ಹಸಿರು ಬಣ್ಣ ಹೊಡೆದು ‘ಬಣ್ಣ ಹಸಿಯಿದೆ, ಮುಟ್ಟಬೇಡಿ’ ಎಂದು ಹಲಗೆ ತೂಗುಹಾಕಿದರು. ಎಂಥ ಖದೀಮ ನೋಡಿ! ಮುಟ್ಟಿದರೆ ತಾನೆ ನೀರಿಲ್ಲವೆಂದು ಗೊತ್ತಾಗುವುದು?

“ಹೋಗ್ಲಿ ಬಿಡಿ,” ಎಂದಳು ಕೆಜಾಯಾ. “ಹೊಸ್ತಿಲು ನಮ್ಮ ಕೈಲಿದೆ.”

ಶುಕ್ರವಾರ ಬಂತು. ಕೈಗೆ ಕೆಲಸವಿಲ್ಲದೆ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಬೇರೆಯವರ ಹೊಸ್ತಿಲು ಕಾಯುತ್ತಿದ್ದರು. ಚಿಂದಿ ತೆಗೆದುಕೊಂಡು ಉಜ್ಜುಗಲ್ಲು ಕೊಡುವ ಮುದುಕ ವಠಾರದೊಳಗೆ ಬಂದು ಕೂಗಿದರೆ ಒಬ್ಬಳೂ ಅಲುಗಲಿಲ್ಲ. ಯಾರಿಗೆ ಏನು ರೋಗ ಬಂತೋ ಎಂದು ಅವನು ಹೆದರಿ ಗಾಡಿ ತಿರುಗಿಸಿದ. ಸಂಜೆ ಗಿರಣಿ ಬಿಟ್ಟಮೇಲೆ ಇನ್ನೊಂದು ಪಜೀತಿಯಾಯಿತು. ಒಂದೇ ಅಚ್ಚಿನ ಮನೆಗಳಲ್ಲಿ ತನ್ನ ಮನೆಯನ್ನು ಹೊಸ್ತಿಲು ನೋಡಿಯೇ ಗುರುತು ಹಿಡಿಯುತ್ತಿದ್ದ ಮರ್ಸಿಯ ಗಂಡ ಸೆತ್, ತಲೆ ತಗ್ಗಿಸಿಕೊಂಡು ಬಂದವನು ಸೀದಾ ಹಲ್ಡಾಳ ಮನೆಗೆ ನುಗ್ಗಿ, ಮೇಜಿನ ಮುಂದೆ ಕೂತು, ಅರ್ಧ ತಟ್ಟೆ ಆಲೂಗಡ್ಡೆ ಪಲ್ಯ ತಿಂದಾದಮೇಲೆ ತಲೆಯೆತ್ತಿದ.

“ಇವತ್ತು ರುಚಿ ಚೆನ್ನಾಗಿದೆ ಅಂದ್ಕೊಂಡೆ,” ಎಂದನಂತೆ ಪಾಪ. ಆ ಮಾತಿಗೆ ಮರ್ಸಿ ಅವನಿಗೆ ಮಾಡಿದ ಸತ್ಕಾರ ಹದಿನಾಲ್ಕು ಮನೆಗೂ ಕೇಳಿಸಿತು. ಆದರೆ ಹೊಸ್ತಿಲನ್ನು ಯಾರೂ ಮುಟ್ಟಲಿಲ್ಲ. ಬೈಬಲ್ಲಿನ ಆಣೆ ಗಟ್ಟಿಯಾಗಿದೆ ಎಂದು ಕೆಜಾಯಾ ನೆಮ್ಮದಿಯಾಗಿ ಮಲಗಿದಳು.

ಶನಿವಾರ ಬೆಳಗಾಗುವಾಗ ಎದ್ದು ಮಂಚದಿಂದ ಕಾಲು ಇಳಿಬಿಟ್ಟರೆ ಪಾದ ತಣ್ಣಗಾಯಿತು. ಕಣ್ಣುಜ್ಜಿಕೊಂಡು ನೋಡುತ್ತಾಳೆ, ಅವಳ ಮರದಟ್ಟೆಯ ಜೋಡುಗಳು ಒಲೆಯ ಕಡೆಗೆ ತೇಲಿಹೋಗುತ್ತಿವೆ.

ಯಾಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಠಾರದ ನೆಲ ಇಳಿಜಾರು. ಮೇಲಿನವರು ಹೊಸ್ತಿಲು ತೊಳೆದ ನೀರು ಪ್ರತಿ ಶುಕ್ರವಾರ ಹರಿದುಬಂದು ಸೇರುವುದು ಅವಳ ನೆಲಮಾಳಿಗೆಯನ್ನೇ. ಅವಳೂ ಏಮಸ್ಸೂ ಅದನ್ನು ಸದ್ದಿಲ್ಲದೆ ಮೊಗೆದು ತಿಪ್ಪೆಗೆ ಚೆಲ್ಲುತ್ತಿದ್ದರು. ಆದರೆ ಇಷ್ಟು ನೀರು ಯಾವತ್ತೂ ಬಂದಿರಲಿಲ್ಲ. ಏಮಸ್ ಆಗಲೇ ಗಿರಣಿಗೆ ಹೋಗಿದ್ದ, ಕತ್ತಲಲ್ಲಿ ಚಳಪಳ ಅನ್ನಿಸಿಕೊಂಡೇ ಹೋಗಿರಬೇಕು.

“ಅತ್ತೇ, ನೀವು ಆಣೆ ಇಡಿಸಿದ್ರಲ್ಲಾ?” ಎಂದಳು ಮಂಚದ ಮೇಲೆ ಕಾಲು ಮಡಚಿ ಕೂತ ರೋಡಾ.

“ಇಡಿಸಿದ್ದೆ ಕಣಮ್ಮ. ಬೈಬಲ್ ಹಿಡಿಯೋ ಬದ್ಲು ಅವರ ಕುಂಚ ಕಿತ್ಕೋಬೇಕಿತ್ತು.”

ಬರಿಗಾಲಲ್ಲೇ ಮೆಟ್ಟಿಲು ಹತ್ತಿದಳು. ಹದಿಮೂರು ಹೊಸ್ತಿಲೂ ಹಾಲಿನಲ್ಲಿ ತೊಳೆದ ಹಾಗೆ ಹೊಳೆಯುತ್ತಿದ್ದವು. ಕಿಟಕಿಗಳು ಹೊಳೆಯುತ್ತಿದ್ದವು. ಯಾರೋ ಪುಣ್ಯಾತ್ಗಿತ್ತಿ ಕಕ್ಕಸಿನ ಬಾಗಿಲನ್ನು ಕೂಡ ಮರಳು ಹಾಕಿ ಉಜ್ಜಿದ್ದಳು.

“ಯಾರು ಶುರು ಮಾಡಿದ್ದು?” ಕೆಜಾಯಾಳ ದನಿ ಸೇತುವೆವರೆಗೆ ಕೇಳಿಸಿತು.

“ರಾತ್ರಿ ನಾನು ಒಂದು ಮೂಲೆ ಒರೆಸ್ದೆ ಅಷ್ಟೇ,” ಎಂದಳು ಹಲ್ಡಾ. “ಬೆಕ್ಕು ಏನೋ ಮಾಡಿತ್ತು. ಅದನ್ನ ಟ್ಯಾಬಿತಾ ನೋಡ್ಬಿಟ್ಲು.”

“ಮೂಲೆ ಅಂತೆ ಮೂಲೆ! ಕನ್ನಡಿ ಹಾಗಿತ್ತು,” ಎಂದಳು ಟ್ಯಾಬಿತಾ. “ಅವಳದು ಬೆಳ್ಳಗಿದ್ದು ನಂದು ಕರ್‍ರಗಿದ್ರೆ ಲಂಡನ್ನಿನವನು ಯಾರನ್ನ ಏನಂದ್ಕೊಳ್ತಾನೆ?”

“ಇವರಿಬ್ಬರೂ ಮಾಡ್ದಮೇಲೆ ನಾನೊಬ್ಳು ಮೂದೇವಿ ಥರ ಕೂತ್ಕೊಳ್ಳಾ?” ಎಂದಳು ಮರ್ಸಿ.

ಬೈದು ಬೈದು ಕೆಜಾಯಾಳ ಗಂಟಲು ಒಣಗಿತು. ಅವರೇನೋ ತಲೆ ತಗ್ಗಿಸಿ ಬೈಸಿಕೊಂಡರು, ಆದರೆ ಬೈಸಿಕೊಳ್ಳುತ್ತಲೇ ಓರೆಗಣ್ಣಲ್ಲಿ ಅವಳ ಹೊಸ್ತಿಲನ್ನು ನೋಡುತ್ತಿದ್ದರು. ಅವಳೂ ತಿರುಗಿ ನೋಡಿದಳು. ಹದಿಮೂರು ಬಿಳಿ ಕಲ್ಲುಗಳ ತುದಿಯಲ್ಲಿ ತನ್ನದೊಂದೇ ಕಪ್ಪು. ನೋಡಿಯೂ ನೋಡದವಳಂತೆ ಕೆಳಗಿಳಿದಳು. ಬಟಾಣಿ ಪಾತ್ರೆಯನ್ನು ಒಂದಿಷ್ಟು ಆಚೆ ಸರಿಸಿದಳು, ಈಚೆ ಸರಿಸಿದಳು. ಇನ್ನೂ ಕಾಲು ಗಂಟೆಯೂ ಆಗಿರಲಿಲ್ಲ, ಕುಂಚ, ಬಕೆಟ್ಟು, ಉಜ್ಜುಗಲ್ಲು ಹಿಡಿದು ಮೇಲೆ ಬಂದು ಮೊಣಕಾಲೂರಿದಳು. ಸುಳ್ಳು ಯಾಕೆ ಹೇಳಬೇಕು, ವಠಾರದಲ್ಲೆಲ್ಲ ಅವಳದೇ ಹೆಚ್ಚು ಬೆಳ್ಳಗಾಯಿತು.

ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಫೇನ್ ಸಾಹೇಬರು ಬಂದರು. ತೆಳ್ಳನೆಯ ಮನುಷ್ಯ, ನೆಗಡಿಯಾಗಿತ್ತು, ಕೈಯಲ್ಲಿ ಪುಸ್ತಕ, ಕಾಲಲ್ಲಿ ಕನ್ನಡಿಯಂಥ ಬೂಟು. ಪಕ್ಕದಲ್ಲಿ ಕೈ ಹೊಸೆಯುತ್ತಾ ಎಂಟ್‌ವಿಸಲ್. ಹೆಂಗಸರು ಒಗೆದ ಏಪ್ರನ್ ಕಟ್ಟಿಕೊಂಡು ಮದುವೆಗೆ ನಿಂತ ಹಾಗೆ ಸಾಲಾಗಿ ನಿಂತಿದ್ದರು.

“ನೋಡಿದ್ರಾ ಸರ್, ನನ್ನ ವಠಾರನ ಹೇಗಿಟ್ಟಿದ್ದೀನಿ ಅಂತ!” ಎಂದ ಎಂಟ್‌ವಿಸಲ್. “ನೀರಿಗೆ ಬರ ಅಂತ ಅರ್ಜಿ ಬೇರೆ. ನೀರಿಲ್ದೆ ಇಷ್ಟು ಬೆಳ್ಳಗಿರುತ್ತಾ? ಪಂಪು ಬಾಗಿಲಲ್ಲೇ ಇದೆ. ಮುಟ್ಬೇಡಿ ಸರ್, ಹಸಿ ಬಣ್ಣ.”

“ನಿಜ. ಶುಚಿಯಾಗಿದೆ,” ಎಂದು ಫೇನ್ ಸಾಹೇಬರು ಸೀನಿದರು. ಒಂದು ಸಾಲು ಬರೆದು ಪುಸ್ತಕ ಮುಚ್ಚಿದರು.

ಕೆಜಾಯಾ ಮುಚ್ಚಿದ ಪುಸ್ತಕವನ್ನೇ ನೋಡಿದಳು. ಆ ಪುಸ್ತಕದೊಳಗೆ ಸಿಕ್ಕಿಕೊಂಡಿದ್ದದ್ದು ನಲ್ಲಿ, ಚರಂಡಿ, ರೋಡಾಳ ಹೊಟ್ಟೆಯ ಕೂಸು. ಏನು ಮಾಡಲಿ, ಹೇಗೆ ಮಾಡಲಿ ಎಂದು ಸುತ್ತ ನೋಡಿದರೆ ಹೊಗಳಿಸಿಕೊಂಡ ಖುಷಿಯಲ್ಲಿ ಉಬ್ಬಿದ ಹಲ್ಡಾಳ ಮುಖ ಕಾಣಿಸಿತು. ಕೆಜಾಯಾ ಮುಂದೆ ಬಂದು ನಡು ಬಗ್ಗಿಸಿದಳು. ಇಷ್ಟು ವಿನಯ ಅವಳಲ್ಲಿದೆಯೆಂದು ವಠಾರಕ್ಕೆ ಅವತ್ತೇ ಗೊತ್ತಾದದ್ದು.

“ಎಲ್ಲಾ ಯಜಮಾನ್ರ ದಯೆ ಸ್ವಾಮಿ. ನಮ್ಮದೇನಿದೆ? ಈ ಹಲ್ಡಾನೇ ನೋಡಿ, ಬರೀ ಎರಡು ಬಕೆಟ್ ನೀರಲ್ಲಿ ಮನೆ ಮುಂದೆ ತೊಳ್ದು ಮುಗಿಸ್ಬಿಟ್ಲು.”

“ಎರಡಾ?” ಹಲ್ಡಾ ಚೀರಿದಳು. “ಎರಡು ಬಕೆಟ್ಟಲ್ಲಿ ಆಗೋ ಕೆಲ್ಸಾನಾ ಇದು? ಒಂಬತ್ತು ಸ್ವಾಮಿ, ಒಂಬತ್ತು! ಚಾಪೆಲ್ ದಿಣ್ಣೆಯಿಂದ ಹೊತ್ತಿದ್ದೀನಿ! ಯಜಮಾನ್ರ ದಯೆಯಂತೆ, ಅವರೇನು ಒಂದು ತಂಬಿಗೆ ಕೊಟ್ಟಿದ್ದಾರಾ?”

“ಒಂಬತ್ತಕ್ಕೆಲ್ಲಾ ಇಷ್ಟು ಕೂಗಾಟ,” ಎಂದಳು ಮರ್ಸಿ. “ನಾನು ಹನ್ನೊಂದು ತಂದೆ, ಕಂಕುಳಲ್ಲಿ ಮಗು ಇಟ್ಕೊಂಡು.”

“ನೀನು ದಾರೀಲಿ ಅರ್ಧ ಚೆಲ್ಲಿದ್ನ ನಾನೇ ನೋಡಿದ್ದೀನಿ,” ಎಂದಳು ಟ್ಯಾಬಿತಾ. “ಸ್ವಾಮಿ, ಈ ಮಂಡಿ ನೋಡಿ. ಈ ಮಂಡೀಲಿ ಏಳು! ನಡುರಾತ್ರಿಯಿಂದ! ಬಾವಿ ಹತ್ರ ಸಾಲಲ್ಲಿ ನಿಂತು ನಿಂತು ಇಷ್ಟು ದಪ್ಪ ಆಗಿದೆ!”

ಫೇನ್ ಸಾಹೇಬರು ಮಂಡಿ ನೋಡಲಿಲ್ಲ, ಮರ್ಯಾದಸ್ಥರು. ಆದರೆ ಪುಸ್ತಕ ತೆರೆದರು.

“ಆ ದಿಣ್ಣೆ ಎಷ್ಟು ದೂರ?”

“ಅರ್ಧ ಮೈಲಿ ಸ್ವಾಮಿ, ಅದೂ ಏರು!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಆಮೇಲೆ ತಡೆಯುವವರೇ ಇಲ್ಲ. ಒಬ್ಬಳು ಎಂಟಂದರೆ ಇನ್ನೊಬ್ಬಳು ಹತ್ತು, ನಾಲ್ಕು ತಂದವಳು ನಾಚಿಕೆಯಿಂದ ಆರೆಂದಳು. ಸಾಹೇಬರು ಬರೆದುಕೊಳ್ಳುತ್ತಾ ಪಂಪಿನ ಹತ್ತಿರ ಹೋಗಿ ಹಿಡಿ ಒತ್ತಿದರು. ಅದು ಮುದುಕನ ಹಾಗೆ ಒಣಕೆಮ್ಮು ಕೆಮ್ಮಿ ಅವರ ಕೈಗವಸಿಗೆ ಹಸಿರು ಬಳಿದು ಸುಮ್ಮನಾಯಿತು.

“ಹೆಂಗಸರ ಶೋಕಿ ಸರ್,” ಎಂದ ಎಂಟ್‌ವಿಸಲ್. “ಬೇಡ ಅಂದ್ರೂ ಹೊರ್ತಾರೆ.”

ಸಾಹೇಬರು ಕೂಡಿಸಿದರು. “ನೂರಾ ಹನ್ನೆರಡು ಬಕೆಟ್. ಇಲ್ಲಿ ಚರಂಡಿ ಕಾಣ್ತಿಲ್ಲ. ಹಾಗಾದ್ರೆ ಅಷ್ಟೂ ನೀರು ಎಲ್ಲಿಗೆ ಹೋಯ್ತು?”

ಇಷ್ಟು ವರ್ಷದಲ್ಲಿ ಯಾರೂ ಕೇಳಿಕೊಳ್ಳದ ಪ್ರಶ್ನೆ ಅದು. ತಮ್ಮ ಹೊಸ್ತಿಲಿನಿಂದ ಆಚೆಗೆ ಹೋದ ನೀರು ಹೋಯಿತು, ಅಷ್ಟೆ. ಸಾಹೇಬರು ನೆಲ ನೋಡುತ್ತಾ, ಒದ್ದೆಯ ಜಾಡು ಹಿಡಿದು, ಇಳಿಜಾರಿನಲ್ಲಿ ನಿಧಾನವಾಗಿ ನಡೆದು ಎಲ್ಲಕ್ಕಿಂತ ಬೆಳ್ಳಗಿದ್ದ ಹೊಸ್ತಿಲಿನ ಮುಂದೆ ನಿಂತರು.

“ಇದು ಯಾರ ಮನೆ?”

ಕೆಜಾಯಾ ಓಡಿಬಂದು ಮೆಟ್ಟಿಲಿಗೆ ಅಡ್ಡ ನಿಂತಳು. “ಮನೆಯೇನಲ್ಲ ಸ್ವಾಮಿ,” ಎಂದಳು. “ಕಲ್ಲಿದ್ದಲು ಇಡೋ ಜಾಗ.”

“ಹೌದು ಸರ್, ಕಲ್ಲಿದ್ದಲು,” ಎಂದ ಎಂಟ್‌ವಿಸಲ್, ಅವಳ ಮಾತು ಮುಗಿಯುವ ಮೊದಲೇ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರ ಮಾತು ಒಂದಾದದ್ದು ಅದೇ ಮೊದಲು. ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು. ಈ ಮನುಷ್ಯ ಯಾಕೆ ಸುಳ್ಳು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಆದರೆ ನಾನು ಯಾಕೆ ಹೇಳಿದೆ, ಎಂದು ತನ್ನನ್ನೇ ಕೇಳಿಕೊಂಡಳು. ಎರಡು ಸಲ ಚಾಪೆಲ್ಲಿಗೆ ಮೊಳದುದ್ದದ ಪೆಟ್ಟಿಗೆ ಹೊತ್ತುಕೊಂಡು ಹೋದಾಗಲೂ ಈ ಕಲ್ಲನ್ನು ತಿಕ್ಕಿಯೇ ಹೋಗಿದ್ದೆ. ಬಂದವರು ಹೊಸ್ತಿಲು ನೋಡಿ ಹೊಗಳಲಿ, ಒಳಗೆ ಇಣುಕದಿರಲಿ ಎಂದು ತಾನೆ? ಅವಳಿಗೆ ಅಳು ಬಂತು. ಹೆಂಗಸರೆಲ್ಲ ನೋಡುತ್ತಿದ್ದಾರೆಂದು ನುಂಗಿಕೊಂಡಳು.

“ಸುಳ್ಳು ಹೇಳ್ದೆ ಸ್ವಾಮಿ. ನಮ್ಮನೇನೇ. ಬನ್ನಿ, ಬೂಟು ಸ್ವಲ್ಪ ಜೋಪಾನ.”

“ಕೆಳಗೆ ಕರ್ಕೊಂಡು ಹೋದ್ಯೋ, ಸೋಮವಾರ ನಿನ್ನ ಸಾಮಾನು ಬೀದೀಲಿ,” ಎಂದು ಎಂಟ್‌ವಿಸಲ್ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಅದನ್ನೂ ಬರ್ಕೊಳ್ಳಲಾ?” ಎಂದರು ಸಾಹೇಬರು. ನೆಗಡಿಯಿದ್ದದ್ದು ಮೂಗಿಗೆ, ಕಿವಿಗಲ್ಲ.

ಕೆಳಗೆ ಕೊನೆಯ ಮೆಟ್ಟಿಲು ನೀರಿನಲ್ಲಿ ಮುಳುಗಿತ್ತು. ಸಾಹೇಬರು ನೀರಿಗೇ ಕಾಲಿಟ್ಟರು. ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟಿತ್ತು. ಅದರ ಮೇಲೆ ರೋಡಾ ಹೊಟ್ಟೆ ಹಿಡಿದು ಕೂತಿದ್ದಳು, ಮಡಿಲಲ್ಲಿ ಬ್ರೆಡ್ಡಿನ ಡಬ್ಬಿ. ಏಳಲು ಹೋದವಳನ್ನು ಸಾಹೇಬರು ಕೈಸನ್ನೆಯಲ್ಲೇ ತಡೆದರು.

“ಪ್ರತಿ ವಾರ ಹೀಗೇನಾ?”

“ಶುಕ್ರವಾರ ಮಾತ್ರ ಸ್ವಾಮಿ. ಈ ವಾರ ನಿಮ್ಮ ಗೌರವಕ್ಕೆ ಶನಿವಾರ,” ಎಂದಳು ಕೆಜಾಯಾ. ಆಮೇಲೆ ದನಿ ಸಣ್ಣದಾಯಿತು. “ಇಲ್ಲಿ ಎರಡು ಮಕ್ಕಳು ಹೋದ್ವು. ಎರಡಕ್ಕೂ ಹಲ್ಲು ಬಂದಿತ್ತು.”

ಅವರು ಬಹಳ ಹೊತ್ತು ಬರೆದರು. ಮೆಟ್ಟಿಲ ಮೇಲೆ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಇಣುಕಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಹಲ್ಡಾ, ತನ್ನ ಒಂಬತ್ತು ಬಕೆಟ್ಟನ್ನು ನೋಡುತ್ತಾ.

“ಯಾಕೆ ಹೇಳ್ಲಿಲ್ವೇ? ಇಪ್ಪತ್ತು ವರ್ಷ!”

“ಹೇಳಿದ್ರೆ ಹೊಸ್ತಿಲು ತಿಕ್ಕೋದು ಬಿಡ್ತಿದ್ಯಾ?”

ಹಲ್ಡಾ ನಿಜವಾಗಿ ಯೋಚಿಸಿದಳು. “ಇಲ್ಲ,” ಎಂದಳು. ಆಮೇಲೆ ಲಂಗ ಎತ್ತಿ ಕಟ್ಟಿ ನೀರಿಗಿಳಿದು ಮೊಗೆಯತೊಡಗಿದಳು. ಅವಳ ಹಿಂದೆಯೇ ಮರ್ಸಿ. ನಾನು ಜಾಸ್ತಿ ಮೊಗೆದೆ, ನಾನು ಜಾಸ್ತಿ ಎಂದು ಅಲ್ಲಿಯೂ ಶುರುವಾಯಿತು ಅನ್ನಿ.

ಸಾಹೇಬರು ಮೇಲೆ ಬಂದಾಗ ಅವರ ಬೂಟಿನಿಂದ ಕೆಸರು ಇಳಿದು ಆ ಬಿಳಿ ಹೊಸ್ತಿಲಿನ ನಟ್ಟನಡುವೆ ಎರಡು ಕಪ್ಪು ಹೆಜ್ಜೆ ಬಿತ್ತು. ಟ್ಯಾಬಿತಾ ಅಯ್ಯೋ ಎಂದು ಎದೆ ಹಿಡಿದುಕೊಂಡಳು. ಕೆಜಾಯಾ ಒರೆಸಲಿಲ್ಲ. ಚರಂಡಿ ಬರುವವರೆಗೆ ಆ ಕಲ್ಲಿಗೆ ನೀರು ಮುಟ್ಟಿಸುವುದಿಲ್ಲ ಎಂದುಬಿಟ್ಟಳು. ಹೆಜ್ಜೆಯನ್ನು ಮಳೆ ಅಳಿಸಿತು, ಮೇಲೆ ಚಿಮಣಿಯ ಮಸಿ ಕೂತಿತು. ಹದಿಮೂರು ಬಿಳಿ ಕಲ್ಲಿನ ತುದಿಯಲ್ಲಿ ಒಂದು ಕಪ್ಪು ಕಲ್ಲು ನೋಡಲಾರದೆ ಹಲ್ಡಾ ಆಗಾಗ ಕುಂಚ ಬಚ್ಚಿಟ್ಟುಕೊಂಡು ಬಂದು ಕೆಜಾಯಾಳ ಕೈಗೆ ಸಿಕ್ಕಿಬೀಳುತ್ತಿದ್ದಳು. ಉಳಿದವರು ತೊಳೆದ ನೀರನ್ನು ಬಕೆಟ್ಟಿನಲ್ಲೇ ಹಿಡಿದು, ಬೈದುಕೊಳ್ಳುತ್ತಾ, ಬೀದಿಯಾಚೆಗೆ ಹೊತ್ತುಹಾಕಿದರು.

ಮಂಡಳಿಯಾಗಿ, ಕಚ್ಚಾಡಿ, ಎಂಟ್‌ವಿಸಲ್‌ನ ಕೋರ್ಟು ಕಚೇರಿ ಎಲ್ಲ ಮುಗಿದು, ನೆಲ ಅಗೆದು ನಲ್ಲಿಯ, ಚರಂಡಿಯ ಕೊಳವೆ ಹೂಳುವ ಹೊತ್ತಿಗೆ ಹದಿನಾಲ್ಕು ತಿಂಗಳಾಯಿತು. ನಲ್ಲಿ ತಿರುಗಿಸಿದ ಶುಕ್ರವಾರ ಹದಿಮೂರು ಹೆಂಗಸರಿಗೂ ಮೊದಲ ಬಕೆಟ್ಟು ತಮಗೇ ಬೇಕು. ಜಗಳದಲ್ಲಿ ಗೆದ್ದವಳು ಹಲ್ಡಾ. ತುಂಬಿಸಿಕೊಂಡು ಸೀದಾ ತಗ್ಗಿನ ತುದಿಗೆ ಬಂದು, ಯಾರನ್ನೂ ಕೇಳದೆ ಕೆಜಾಯಾಳ ಹೊಸ್ತಿಲಿನ ಮುಂದೆ ಮೊಣಕಾಲೂರಿ ತಿಕ್ಕತೊಡಗಿದಳು. ಉಳಿದವರೂ ತಮ್ಮ ತಮ್ಮ ಹೊಸ್ತಿಲಿಗೆ ನೀರು ಸುರಿದರು.

ಕೆಜಾಯಾ ಹೊರಗೆ ಬರಲಿಲ್ಲ. ಕೆಳಗೆ, ಕೊನೆಯ ಮೆಟ್ಟಿಲಿನ ಎದುರಿಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು. ಮಗುವಿಗೆ ಒಂದು ವರ್ಷ, ಒಂದು ತಿಂಗಳು. ಮೇಲೆ ಕುಂಚದ ಸದ್ದು, ನೀರು ಸುರಿಯುವ ಸದ್ದು, ಬೈಗುಳ. ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಅವಳು ಜೋಡುಗಳನ್ನೆತ್ತಿ ಸ್ಟೂಲಿನ ಮೇಲೆ ಇಟ್ಟಿದ್ದಳು. ಒಂದು ಗಂಟೆ ಕಾದಳು. ನೀರು ಬರಲಿಲ್ಲ. ಮಗುವನ್ನು ನೆಲಕ್ಕೆ ಇಳಿಸಿದಳು, ಅದು ಒಣ ನೆಲದ ಮೇಲೆ ಬರಿಗಾಲಲ್ಲಿ ಓಡಿತು.